ಕತಾರ್‌ನಲ್ಲಿ ಕೂತು ಮಂಗಳೂರಿನ ವೋಟ್ ಹಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ನೀವು ಮಂಗಳೂರಿನವರು, ಕತಾರ್‌ನಲ್ಲಿ ಕೆಲಸ. ಭಾವ ಸೇನೆಯಲ್ಲಿದ್ದಾರೆ, ಅವರು ಅಂಚೆಯಲ್ಲಿ ವೋಟ್ ಹಾಕುತ್ತಾರೆ. ನಿಮಗೂ ಹಾಗೆ ಹಾಕಲು ಆಗುತ್ತದಾ? ನೆಟ್‌ನಲ್ಲಿ ಸಿಕ್ಕಿದ ‘ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್’ ತುಂಬಿ ಕಳಿಸಿದರೆ ನಡೆಯುತ್ತದಾ?

ಎರಡಕ್ಕೂ ಇಲ್ಲ. ಎರಡನೆಯದನ್ನು ಬೇಗ ಮುಗಿಸುತ್ತೇನೆ. ಆ ಪೋಸ್ಟ್ ಕಾರ್ಡ್ ಅಮೆರಿಕದವರದ್ದು. ಅಲ್ಲಿ 1986ರ ಒಂದು ಕಾಯ್ದೆ ಉಂಟು. ಸೈನಿಕರು, ಅವರ ಮನೆಯವರು, ಹೊರದೇಶದಲ್ಲಿ ದುಡಿಯುವ ಸಾಮಾನ್ಯ ನಾಗರಿಕರು, ಎಲ್ಲರನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸಿತು. 2009ರಲ್ಲಿ ಇನ್ನೊಂದು ಕಾಯ್ದೆ ಬಂದ ಮೇಲೆ, ಸಮಯಕ್ಕೆ ಸರಿಯಾಗಿ ಕೇಳಿಕೊಂಡವರಿಗೆ ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕು. ಅಮೆರಿಕದ ಪೌರತ್ವ ಪಡೆದ ನಮ್ಮೂರಿನವರು ಬೇಕಾದರೆ ಅದನ್ನು ತುಂಬಲಿ. ಆದರೆ ಅವರು ಇಲ್ಲಿ ವೋಟ್ ಹಾಕುವ ಹಾಗಿಲ್ಲ, ಕೈಯಲ್ಲಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಇಲ್ಲ.

ನಮ್ಮ ದೇಶದಲ್ಲಿ ಸಾಲು ಎರಡು. ನಮ್ಮ ಮನೆಯಲ್ಲೇ ಎರಡೂ ಉಂಟು, ಅದಕ್ಕೇ ಬರೆಯಲು ಕೂತದ್ದು. ಮನೆ ಪಡುಬಿದ್ರಿಯಲ್ಲಿ. ನಾನು ಕುವೈತ್, ತಮ್ಮ ಸೇನೆ, ಅಮ್ಮ ಒಬ್ಬರೇ ಊರಲ್ಲಿ.

ಮೊದಲು ತಮ್ಮನ ಕಥೆ. ಅವನು ‘ಸೇವಾ ಮತದಾರ’. ಎಲ್ಲಿ ಪೋಸ್ಟಿಂಗ್ ಆದರೂ ಹೆಸರು ಕಾಪು ಕ್ಷೇತ್ರದ ಪಟ್ಟಿಯ ಕೊನೆಯಲ್ಲಿ ಇರುತ್ತದೆ. ನೌಕರಿ ಇಲ್ಲದಿದ್ದರೆ ಅವನು ಅಲ್ಲೇ ಇರುತ್ತಿದ್ದ ಎಂಬ ಲೆಕ್ಕ. 2013ರ ವಿಧಾನಸಭೆ ಚುನಾವಣೆಯಲ್ಲಿ ಅವನು ಅರುಣಾಚಲದಲ್ಲಿದ್ದ. ಮೇ 5ಕ್ಕೆ ಮತದಾನ, ಮೇ 8ಕ್ಕೆ ಎಣಿಕೆ. ಆಗ ಕಾಗದದ ಮತಪತ್ರ ಊರಿನಿಂದ ಅಂಚೆಯಲ್ಲೇ ಹೋಗಬೇಕಿತ್ತು. ನಾಮಪತ್ರ ವಾಪಸ್ ಪಡೆಯುವ ದಿನ ಮುಗಿಯಬೇಕು, ಹೆಸರುಗಳು ಅಂತಿಮವಾಗಬೇಕು, ಮತಪತ್ರ ಅಚ್ಚಾಗಬೇಕು, ಆಮೇಲೆ ಅದು ಬೆಟ್ಟ ಹತ್ತಬೇಕು. ತಮ್ಮನ ಕೈಗೆ ಲಕೋಟೆ ಸಿಕ್ಕಿದಾಗ ಇಲ್ಲಿ ಗೆದ್ದವರ ಮೆರವಣಿಗೆ ಮುಗಿದಿತ್ತು. ‘ಚಂದದ ಲಕೋಟೆ, ಇಟ್ಟುಕೊಂಡಿದ್ದೇನೆ’ ಎಂದು ಫೋನಿನಲ್ಲಿ ನಗಾಡಿದ.

2018ಕ್ಕೆ ಅವನು ಬೇರೆ ದಾರಿ ಹಿಡಿದ. ಸೇನೆಯವರಿಗೆ ಮತ್ತು ಸೇನಾ ಕಾಯ್ದೆ ಅನ್ವಯವಾಗುವ ಪಡೆಗಳವರಿಗೆ 2003ರಿಂದ ಪ್ರಾಕ್ಸಿ ಸೌಲಭ್ಯ ಉಂಟು. ಅಂದರೆ ಅವರ ಬದಲು ಊರಲ್ಲಿರುವ ಒಬ್ಬರು ಮತಗಟ್ಟೆಗೆ ಹೋಗಿ ವೋಟ್ ಹಾಕಬಹುದು. ಫಾರಂ 13ಎಫ್‌ಗೆ ತಮ್ಮ ತನ್ನ ಕಮಾಂಡಿಂಗ್ ಆಫೀಸರ್ ಎದುರು ಸಹಿ ಹಾಕಿ ಮನೆಗೆ ಕಳಿಸಿದ. ಅಮ್ಮ ಉಡುಪಿಗೆ ಬಸ್ಸಿನಲ್ಲಿ ಹೋಗಿ ನೋಟರಿ ಎದುರು ತನ್ನ ಸಹಿ ಹಾಕಿದರು. ಪ್ರಾಕ್ಸಿ ಆಗುವವರು ಅದೇ ಕ್ಷೇತ್ರದಲ್ಲಿ ವಾಸ ಇದ್ದು 18 ತುಂಬಿದ್ದರೆ ಸಾಕು.

ಮತದಾನದ ದಿನ, ಮೇ 12. ಅಮ್ಮ ಮೊದಲು ತನ್ನ ವೋಟ್ ಹಾಕಿದರು, ಎಡಗೈ ತೋರುಬೆರಳಿಗೆ ಶಾಯಿ. ಆಮೇಲೆ ತಮ್ಮನದ್ದು. ಪ್ರಾಕ್ಸಿ ವೋಟಿಗೆ ಶಾಯಿ ಹಚ್ಚುವುದು ಎಡಗೈಯ ನಡುಬೆರಳಿಗೆ. ಹೀಗೆ ಒಂದೇ ಕೈಯಲ್ಲಿ ಎರಡು ಬೆರಳು ಕಪ್ಪು. ಮರುದಿನ ಮೀನು ತರುವಾಗ ಮಾರುವ ಹೆಂಗಸು ಅಮ್ಮನ ಕೈ ಹಿಡಿದು ನೋಡಿ, ‘ಏನಮ್ಮಾ, ನಿಮಗೆ ಮಾತ್ರ ಎರಡಾ?’ ಎಂದು ಕೇಳಿದಳಂತೆ. ಅಮ್ಮ ಬಂಗುಡೆ ಆರಿಸುತ್ತಾ ಕಾನೂನು ವಿವರಿಸಿದರು. ಆ ಎರಡು ಬೆರಳಿನ ಫೋಟೋ ನನಗೆ ವಾಟ್ಸಾಪ್‌ನಲ್ಲಿ ಬಂತು. ನಾನು ಸಾಲ್ಮಿಯಾದ ರೂಮಿನಲ್ಲಿ ಸುಮ್ನೆ ನನ್ನ ಬೆರಳು ನೋಡಿಕೊಂಡೆ.

ಇಷ್ಟಕ್ಕೇ ಮುಗಿಯಲಿಲ್ಲ. ಯಾರಿಗೆ ಹಾಕಬೇಕು ಎಂದು ತಮ್ಮ ಮೊದಲೇ ಹೇಳಿದ್ದ. ಹಾಕಿದಿರಾ ಎಂದು ಆಮೇಲೆ ಕೇಳಿದರೆ ಅಮ್ಮ ತುಳುವಿನಲ್ಲಿ, ‘ಈ ಮನಿಪಂದೆ ಕುಲ್ಲು’ ಎಂದರು. ನೀನು ಬಾಯಿ ಮುಚ್ಚಿ ಕೂತುಕೋ ಅಂತ. ಒತ್ತಿದ ಬಟನ್ ಯಾವುದು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗಲ್ಫ್‌ನವರಿಗೂ ಪ್ರಾಕ್ಸಿ ಕೊಡಿ ಎಂದು ಯಾರಾದರೂ ಹೇಳಿದಾಗ ನನಗೆ ಇದೇ ನೆನಪಾಗುವುದು. ತಮ್ಮ ಸೀದಾ ಫಾರಂ 13ಜಿ ತುಂಬಿ ಪ್ರಾಕ್ಸಿ ರದ್ದು ಮಾಡಿಸಿದ. ಇಲ್ಲದಿದ್ದರೆ ಅದು ಮುಂದಿನ ಚುನಾವಣೆಗಳಿಗೂ ನಡೆಯುತ್ತಲೇ ಇರುತ್ತದೆ.

2023ರಲ್ಲಿ ಅವನಿಗೆ ಮತಪತ್ರ ಕಂಪ್ಯೂಟರ್ ಮೂಲಕ ಹೋಯಿತು. ಇಟಿಪಿಬಿಎಸ್ ಎನ್ನುತ್ತಾರೆ. 2016ರಲ್ಲಿ ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಶುರುವಾದದ್ದು. ಹೋಗುವಾಗ ಮಾತ್ರ ಕಂಪ್ಯೂಟರ್, ಬರುವಾಗ ಅಂಚೆಯೇ. ಪಿನ್ ಹಾಕಿ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬೇಕು. ಪೆನ್ನಿನಲ್ಲಿ ಗುರುತು ಹಾಕಿ ಒಳಗಿನ ಲಕೋಟೆಗೆ ತುಂಬಬೇಕು. ಅಧಿಕಾರಿ ದೃಢೀಕರಿಸಿದ 13ಎ ಘೋಷಣೆ ಜೊತೆ ಅದನ್ನು ಹೊರಗಿನ ಲಕೋಟೆಯಲ್ಲಿಟ್ಟು ಚುನಾವಣಾಧಿಕಾರಿಗೆ ಕಳಿಸಬೇಕು. ಸ್ಟಾಂಪ್ ಬೇಡ. ಎಣಿಕೆ ಶುರುವಾಗುವ ಹೊತ್ತಿಗೆ ತಲುಪಿದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಒಂದು ದಿಕ್ಕಿನ ಅಂಚೆ ತಪ್ಪಿದ್ದಕ್ಕೇ ಆದ ವ್ಯತ್ಯಾಸ ನೋಡಿ: ಸೇವಾ ಮತದಾರರಲ್ಲಿ 2014ರಲ್ಲಿ ವೋಟ್ ಹಾಕಿದವರು ಶೇ. 4ರಷ್ಟು. 2019ರಲ್ಲಿ 18 ಲಕ್ಷ ಮತಪತ್ರ ಹೋಗಿ 10.84 ಲಕ್ಷ ವಾಪಸ್ ಬಂತು, ಅಂದರೆ ಶೇ. 60.

ಈ ಸಾಲಿನಲ್ಲಿ ಇರುವವರು ಯಾರು? ಸೇನೆ, ನೌಕಾಪಡೆ, ವಾಯುಪಡೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳು. ಬೇರೆ ರಾಜ್ಯದಲ್ಲಿ ಡ್ಯೂಟಿಯಲ್ಲಿರುವ ಸಶಸ್ತ್ರ ಪೊಲೀಸರು. ಹೊರದೇಶದಲ್ಲಿ ಪೋಸ್ಟಿಂಗ್ ಆದ ಭಾರತ ಸರಕಾರದ ನೌಕರರು. ಜೊತೆಗಿರುವ ಹೆಂಡತಿಗೂ ಇದು ಅನ್ವಯ. ಗಂಡನಿಗೂ ಅನ್ವಯ ಎಂದಾದದ್ದು 2021ರ ತಿದ್ದುಪಡಿಯಲ್ಲಿ. ಅಷ್ಟರವರೆಗೆ ಕಾನೂನಿನಲ್ಲಿ ‘ಹೆಂಡತಿ’ ಎಂದೇ ಇತ್ತು! ದೋಹಾದ ನಮ್ಮ ರಾಯಭಾರ ಕಚೇರಿಯ ಭಾರತೀಯ ಅಧಿಕಾರಿಗೆ ಅಂಚೆ ಮತ ಉಂಟು, ಅದೇ ರಸ್ತೆಯಲ್ಲಿ ಕೆಲಸ ಮಾಡುವ ನಿಮಗೆ ಇಲ್ಲ. ಹಡಗಿನಲ್ಲಿರುವ ನಮ್ಮ ಕರಾವಳಿಯ ಹುಡುಗರಿಗೂ ಇಲ್ಲ, ಮರ್ಚೆಂಟ್ ನೇವಿ ಈ ಪಟ್ಟಿಯಲ್ಲಿ ಸೇರುವುದಿಲ್ಲ.

ಈಗ ನಮ್ಮ ಸಾಲು. ಇದು ಹುಟ್ಟಿದ್ದೇ 2011ರಲ್ಲಿ. ಅದಕ್ಕೆ ಮೊದಲು ‘ಊರಲ್ಲಿಲ್ಲ’ ಎಂದು ಹೆಸರು ಹೊಡೆದು ಹಾಕಿದರೆ ಅಲ್ಲಿಗೆ ಮುಗಿಯಿತು. ಈಗ ಬೇರೆ ದೇಶದ ಪೌರತ್ವ ಪಡೆಯದ ಭಾರತೀಯರು ಫಾರಂ 6ಎ ತುಂಬಿ ‘ಸಾಗರೋತ್ತರ ಮತದಾರ’ ಆಗಬಹುದು. ಆದರೆ ವೋಟ್ ಹಾಕಲು ಖುದ್ದಾಗಿ ಬರಬೇಕು. ಕೈಯಲ್ಲಿ ಅಸಲಿ ಪಾಸ್‌ಪೋರ್ಟ್ ಇರಬೇಕು.

ನನ್ನ ಎಡವಟ್ಟು ಇಲ್ಲೇ ಆದದ್ದು. ಯಾವ ಕ್ಷೇತ್ರ ಎಂದು ತೀರ್ಮಾನಿಸುವುದು ಪಾಸ್‌ಪೋರ್ಟ್‌ನಲ್ಲಿರುವ ವಿಳಾಸ. ನನ್ನದು ಮಾಡಿಸುವಾಗ ನಾವು ಸುರತ್ಕಲ್‌ನಲ್ಲಿ ಬಾಡಿಗೆಗೆ ಇದ್ದೆವು. ಪಡುಬಿದ್ರಿಗೆ ಬಂದು ಎಷ್ಟೋ ವರ್ಷವಾಗಿತ್ತು, ಪಾಸ್‌ಪೋರ್ಟ್ ಮಾತ್ರ ಸುರತ್ಕಲ್‌ನಲ್ಲೇ ನಿಂತಿತ್ತು. ಹಾಗಾಗಿ ಅಮ್ಮ, ತಮ್ಮ ಉಡುಪಿ-ಚಿಕ್ಕಮಗಳೂರು ಲೋಕಸಭೆಗೆ, ನಾನು ದಕ್ಷಿಣ ಕನ್ನಡಕ್ಕೆ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪರಿಶೀಲನೆಗೆ ಆ ಹಳೆ ಮನೆಗೇ ಹೋದರು. ಮನೆ ಓನರ್, ‘ಅವರು ಬಿಟ್ಟು ಹೋಗಿ ಕಾಲವಾಯ್ತಲ್ಲ’ ಎಂದರಂತೆ. ಪುಣ್ಯಕ್ಕೆ ಅಮ್ಮನ ನಂಬರ್ ಅವರ ಹತ್ತಿರ ಇತ್ತು.

2024ರ ಎಪ್ರಿಲ್ 26 ಶುಕ್ರವಾರ, ಕುವೈತ್‌ನಲ್ಲಿ ವಾರದ ರಜೆ. ಗುರುವಾರ ರಾತ್ರಿ ಹೊರಟು ಬೆಳಿಗ್ಗೆ ಬಜಪೆಯಲ್ಲಿ ಇಳಿದೆ. ಬ್ಯಾಗ್ ಸಮೇತ ಸೀದಾ ಸುರತ್ಕಲ್ ಮತಗಟ್ಟೆಗೆ ಹೋದೆ. ಅಧಿಕಾರಿ ‘ವೋಟರ್ ಐಡಿ?’ ಎಂದರು. ನಮಗೆ ಅದನ್ನು ಕೊಡುವುದಿಲ್ಲ ಎಂದು ಪಾಸ್‌ಪೋರ್ಟ್ ಇಟ್ಟೆ. ಅವರು ಪಟ್ಟಿ ತಿರುವಿದರು, ನನ್ನ ಹೆಸರಿಲ್ಲ. ಎದೆ ಧಸಕ್ ಎಂದಿತು. ಹಿಂದೆ ನಿಂತವರು ಗೊಣಗುತ್ತಿದ್ದರು. ‘ಸರ್, ಕೊನೆಯ ಪುಟ ನೋಡಿ, ವಿದೇಶದವರದ್ದು ಬೇರೆ ಇರುತ್ತದೆ’ ಎಂದೆ. ಅಲ್ಲಿತ್ತು. ಅವರು ಪಾಸ್‌ಪೋರ್ಟ್ ತಿರುಗಿಸಿ ನೋಡಿ, ‘ವೋಟಿಗೆಂದೇ ಬಂದ್ರಾ ಮಾರಾಯ್ರೆ?’ ಎಂದು ಕೇಳಿದರು. ನಾಚಿಕೆಯಾಯಿತೋ ಖುಷಿಯಾಯಿತೋ ಗೊತ್ತಾಗಲಿಲ್ಲ. ಅಮ್ಮನನ್ನು ನೋಡಲು ಬಂದೆ ಎಂದುಬಿಟ್ಟೆ.

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆ ಚುನಾವಣೆಯಲ್ಲಿ ದೇಶದಲ್ಲಿ ನಮ್ಮಂತೆ ಹೆಸರು ಬರೆಸಿದವರು ಸುಮಾರು 1.19 ಲಕ್ಷ. ಬಂದು ವೋಟ್ ಹಾಕಿದವರು ಮೂರು ಸಾವಿರವೂ ಇಲ್ಲ, ಅದರಲ್ಲೂ ಹೆಚ್ಚಿನವರು ಕೇರಳದವರು. ಕುವೈತ್‌ನಲ್ಲಿ ನನ್ನ ಫಿಲಿಪ್ಪೀನ್ಸ್ ಸಹೋದ್ಯೋಗಿ 2022ರಲ್ಲಿ ಅವರ ರಾಯಭಾರ ಕಚೇರಿಗೆ ಹೋಗಿ ವೋಟ್ ಹಾಕಿ ಊಟದ ಹೊತ್ತಿಗೆ ವಾಪಸ್ ಬಂದಿದ್ದ. ನಮ್ಮಲ್ಲಿ ಸಾಗರೋತ್ತರ ಮತದಾರರಿಗೆ ಪ್ರಾಕ್ಸಿ ಕೊಡುವ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು. ರಾಜ್ಯಸಭೆ ದಾಟಲಿಲ್ಲ, 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. 2020ರ ನವೆಂಬರ್‌ನಲ್ಲಿ ಚುನಾವಣಾ ಆಯೋಗವೇ, ಸೈನಿಕರಿಗೆ ಕೊಡುವ ಇಟಿಪಿಬಿಎಸ್ಸನ್ನು ಸಾಗರೋತ್ತರ ಮತದಾರರಿಗೂ ಕೊಡಬಹುದು ಎಂದು ಕಾನೂನು ಸಚಿವಾಲಯಕ್ಕೆ ಬರೆಯಿತು. ನನ್ನ ಓಟು ಇದಕ್ಕೇ. ಅಮ್ಮನ ಬಟನ್‌ಗಿಂತ ತಮ್ಮನ ಲಕೋಟೆ ವಾಸಿ.

ನೀವು ಮಾಡಬೇಕಾದದ್ದು ಜಾಸ್ತಿ ಇಲ್ಲ. ಆಯೋಗದ ವೋಟರ್ಸ್ ಸರ್ವಿಸ್ ಪೋರ್ಟಲ್‌ನಲ್ಲಿ 6ಎ ತುಂಬಿ. ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟ, ವಿಳಾಸದ ಪುಟ, ವೀಸಾ ಇರುವ ಪುಟ ಬೇಕು. ಚುನಾವಣೆ ಘೋಷಣೆ ಆಗಲಿ ಎಂದು ಕಾಯಬೇಡಿ, ನಾಮಪತ್ರದ ಕೊನೆಯ ದಿನಕ್ಕೆ ಪಟ್ಟಿ ಮುಚ್ಚುತ್ತದೆ. ಈಗಾಗಲೇ ವೋಟರ್ ಐಡಿ ಇದ್ದರೆ ಅದನ್ನು ಒಪ್ಪಿಸಬೇಕು. ‘ಅದೂ ಇರಲಿ, ಇದೂ ಇರಲಿ’ ಎಂದು ಗಲ್ಫ್‌ನಲ್ಲಿ ಬಹಳ ಜನ ಹೇಳುವುದನ್ನು ಕೇಳಿದ್ದೇನೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಉಂಟು, ಆ ತಂಟೆಗೆ ಹೋಗಬೇಡಿ. ಪೂರ್ತಿ ಊರಿಗೆ ಬಂದುಬಿಟ್ಟರೆ ಮತದಾರರ ನೋಂದಣಿ ಅಧಿಕಾರಿಗೆ ತಿಳಿಸಿ, ಸಾಮಾನ್ಯ ಪಟ್ಟಿಗೆ ಸೇರಿಕೊಳ್ಳಿ.

ಎಲ್ಲಕ್ಕಿಂತ ಮೊದಲು ನಿಮ್ಮ ಪಾಸ್‌ಪೋರ್ಟ್ ತೆಗೆದು ಅದರಲ್ಲಿ ಯಾವ ವಿಳಾಸ ಉಂಟು ನೋಡಿ. ಯಾವ ಕ್ಷೇತ್ರ ಎಂದು ಗೊತ್ತಾಗದಿದ್ದರೆ ಇಲ್ಲೇ ಕೇಳಿ. ಊರಿನ ಹೆಸರು ಹಾಕಿದರೆ ಸಾಕು, ಪಾಸ್‌ಪೋರ್ಟ್ ನಂಬರ್ ಹಾಕಬೇಡಿ.