ಪತ್ರಿಕೆಯಿಂದ ಲಂಕೇಶರ ಕಾದಂಬರಿ ಸೊರಗಿತಾ?

ನಮಸ್ಕಾರ. ಪಿ. ಲಂಕೇಶರು ‘ಲಂಕೇಶ್ ಪತ್ರಿಕೆ’ ಅನ್ನೋ ವಾರಪತ್ರಿಕೆ ಶುರು ಮಾಡಿದ ಮೇಲೆ ಅವರೊಳಗಿನ ಕಾದಂಬರಿಕಾರ ಸೊರಗಿದರಾ, ಓದುಗರ ಜೊತೆ ಆ ಪತ್ರಿಕೆಗೆ ಎಂಥ ನಂಟಿತ್ತು ಅಂತ ಕೇಳಿದ್ದೀರಿ. ಕಾದಂಬರಿಕಾರ ಸೊರಗಿದರು ಅಂತ ನನಗಂತೂ ಅನ್ನಿಸುವುದಿಲ್ಲ.

ಅವರ ಕಾದಂಬರಿ ‘ಮುಸ್ಸಂಜೆಯ ಕಥಾಪ್ರಸಂಗ’ ಪತ್ರಿಕೆಗಿಂತ ಮೊದಲಿನದು, 1978ರದು. ಅದರ ರಂಗವ್ವ ಬಾಯಿ ಬಿಟ್ಟರೆ ಸಾಕು, ಬರೆದವರು ನಮ್ಮ ಶಿವಮೊಗ್ಗದ ಕೊನಗವಳ್ಳಿಯವರು ಅಂತ ಗೊತ್ತಾಗುತ್ತದೆ. ಪತ್ರಿಕೆ ಶುರುವಾಗಿದ್ದು 1980ರಲ್ಲಿ. ಆಮೇಲೆ ಬಂದ ಕಾದಂಬರಿ ‘ಅಕ್ಕ’ ತೆಗೆದು ನೋಡಿ. ಅಲ್ಲಿ ಕತೆ ಹೇಳುವವನು ಬೆಂಗಳೂರಿನ ಕೊಳೆಗೇರಿಯ ಹುಡುಗ ಕ್ಯಾತ. ಎಲ್ಲೂ ಪಾಂಡಿತ್ಯದ ಸೋಂಕಿಲ್ಲ. ವಾರವಾರ ಸಾಮಾನ್ಯ ಜನರಿಗಾಗಿ ಬರೆದೂ ಬರೆದೂ ಪಳಗಿದ ಕೈ ಅದು, ಅಲ್ವಾ?

ಓದುಗರ ನಂಟಿನ ವಿಷಯಕ್ಕೆ ಬಂದರೆ, ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಓದುಗರು ಕೊಟ್ಟ ಕಾಸಿನಲ್ಲೇ ನಡೆಯಬೇಕು. ಹಾಗಾಗಿ ಯಾರ ಮುಲಾಜೂ ಇಲ್ಲ. ಅಷ್ಟೆಲ್ಲ ರಾಜಕೀಯದ ಬಿಸಿ ಸುದ್ದಿಯ ಪಕ್ಕದಲ್ಲೇ ಲಂಕೇಶರೇ ‘ನೀಲು’ ಹೆಸರಿನಲ್ಲಿ ಬರೆಯುತ್ತಿದ್ದ ಪುಟ್ಟ ಪದ್ಯ, ಕೆಲವೇ ಸಾಲು, ಜಾಸ್ತಿ ಪ್ರೀತಿಯದ್ದೇ ಮಾತು. ಇಂಥ ಧೈರ್ಯ ನನಗೆ ತುಂಬಾ ಇಷ್ಟ. ಹೊಸಬರಿಗೂ ಅಲ್ಲಿ ಜಾಗವಿತ್ತು. ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ ಧಾರಾವಾಹಿಯಾಗಿ ಬಂದಿದ್ದು ಅದೇ ಪತ್ರಿಕೆಯಲ್ಲಿ.

ನೀವು ‘ಅಕ್ಕ’ದಿಂದಲೇ ಶುರು ಮಾಡಿ. ಸಣ್ಣ ಪುಸ್ತಕ, ಸಲೀಸಾಗಿ ಓದಿಸಿಕೊಳ್ಳುತ್ತದೆ.