ಲೈಬ್ರರಿಯ ಹಳೆಯ ಪುಸ್ತಕದಲ್ಲಿ ಎಷ್ಟು ಪುಟ ಜೆರಾಕ್ಸ್ ಮಾಡಿದರೆ ಸೇಫ್?

ಅಚ್ಚು ನಿಂತುಹೋದ ಪುಸ್ತಕ, ಪೂರ್ತಿ ಜೆರಾಕ್ಸ್ ಬೇಕೆನ್ನುವ ಸಂಶೋಧನಾ ವಿದ್ಯಾರ್ಥಿ, ‘ಪುಸ್ತಕದ ಶೇ 10ರಷ್ಟು ಪುಟ ದಾಟಬಾರದು’ ಎನ್ನುವ ಸಹೋದ್ಯೋಗಿ, ಇಬ್ಬರ ನಡುವೆ ಲೈಬ್ರರಿ ನೋಡಿಕೊಳ್ಳುವ ನೀವು. ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಾನು ಕೆಲಸ ಮಾಡಿದ ಶಾಖಾ ಗ್ರಂಥಾಲಯವೇ ಕಣ್ಣೆದುರು ಬಂತು.

ನಮ್ಮಲ್ಲಿದ್ದದ್ದು ತಾಲ್ಲೂಕಿನ ಕೆರೆಗಳ ಬಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬರೆದ 120 ಪುಟದ ಪುಸ್ತಕ. ಯಾವ ಕೆರೆಗೆ ಎಷ್ಟು ತೂಬು, ಹೂಳು ತೆಗೆಯುವ ಸರದಿ ಯಾವ ಊರಿನದು, ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ, ಎಲ್ಲ ಊರೂರು ತಿರುಗಿ ಬರೆದಿದ್ದರು. ಅಚ್ಚು ಹಾಕಿದ ಪ್ರೆಸ್ ಮುಚ್ಚಿತ್ತು. ಮೇಷ್ಟ್ರು ತೀರಿಕೊಂಡಿದ್ದರು. 2009ರಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಬಂದು ಪೂರ್ತಿ ಪ್ರತಿ ಕೇಳಿದಳು. ನಾನು ಲೆಕ್ಕ ಹಾಕಿ 12 ಪುಟ ಕೊಟ್ಟೆ. ‘ಹೋಗ್ಲಿ ಸಾರ್, ಲೈಬ್ರರಿಗಾದ್ರೂ ಒಂದು ಜೆರಾಕ್ಸ್ ಮಾಡಿಸಿಡಿ, ಹಾಳೆ ಪುಡಿಯಾಗ್ತಿದೆ’ ಅಂದಳು. ‘ಕಾಪಿರೈಟ್ ಇದೆಯಮ್ಮ, ಆಗಲ್ಲ’ ಅಂದೆ.

ಈ ಕಡೇ ಮಾತೇ ನನ್ನ ತಪ್ಪು. ಅವಳು ಕೇಳಿದ್ದು ಎರಡು ಬೇರೆ ಬೇರೆ ವಿಷಯ. ತನಗೊಂದು ಪ್ರತಿ, ಲೈಬ್ರರಿಗೊಂದು ಪ್ರತಿ. ನಾನು ಎರಡಕ್ಕೂ ಒಂದೇ ಉತ್ತರ ಕೊಟ್ಟೆ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52(1)ರಲ್ಲಿ ‘ಒ’ ಅನ್ನುವ ಉಪವಿಧಿ ಇದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಗಳವರೆಗೆ ಮಾಡಿಸಿಕೊಳ್ಳಬಹುದು. ಪ್ರಕಾಶಕರನ್ನು ಕೇಳಬೇಕಿಲ್ಲ. ಗ್ರಂಥಾಲಯದ ಹೊಣೆ ಹೊತ್ತವರು ಹೇಳಿದರೆ ಸಾಕು. ಹೊಣೆ ಹೊತ್ತಿದ್ದವನು ನಾನೇ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡೀತಾರೆ ಅನ್ನೋ ಭಯಕ್ಕೆ ಅದನ್ನು ಗೋಡೆ ಪಕ್ಕದ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಮುಂದಿನ ಮಳೆಗಾಲ ಆ ಗೋಡೆಯೇ ಸೋರಿತು. ಬೀರು ತೆಗೆದಾಗ ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತಿತ್ತು. ಮೇಷ್ಟ್ರ ಮನೆಯಲ್ಲೂ ಒಂದು ಪ್ರತಿ ಉಳಿದಿರಲಿಲ್ಲ. ಆ ಪುಸ್ತಕದಲ್ಲಿ ಈಗ ಉಳಿದಿರುವುದು ಆ ಹುಡುಗಿಯ ಹತ್ತಿರದ 12 ಪುಟ ಮಾತ್ರ. ಆವತ್ತು ನೂರಿಪ್ಪತ್ತು ರೂಪಾಯಿಯೊಳಗೆ ಮುಗಿಯುತ್ತಿದ್ದ ಕೆಲಸ ಅದು.

ಆ ಶೇ 10 ನನ್ನ ತಲೆಗೆ ಬಂದದ್ದು ಒಂದು ತರಬೇತಿಯಲ್ಲಿ. ಅಂಥ ಅಳತೆ ಆಸ್ಟ್ರೇಲಿಯಾದ ಕಾಯ್ದೆಯಲ್ಲಿದೆ, ನಮ್ಮದರಲ್ಲಿ ಇಲ್ಲ. ಇದು ನನಗೆ ಗೊತ್ತಾಗಿದ್ದು ದೆಹಲಿ ಕೇಸಿನ ಸುದ್ದಿ ಓದಿ ಕಾಯ್ದೆ ತೆರೆದ ಮೇಲೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಸೇರಿ, ತಮ್ಮ ಪುಸ್ತಕಗಳ ಭಾಗಗಳನ್ನು ಪಾಠಕ್ಕೆಂದು ಜೆರಾಕ್ಸ್ ಮಾಡಿ ಮಾರುತ್ತಾರೆಂದು 2012ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಮೇಲೆ, ಅಲ್ಲಿನ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ಕೇಸು ಹಾಕಿದ್ದವು. ಪಾಠಕ್ಕಾಗಿ ನಕಲು ಮಾಡುವಾಗ ಎಷ್ಟು ಪುಟ ಅನ್ನುವುದಲ್ಲ, ಆ ಪಾಠಕ್ಕೆ ಅದು ಬೇಕಿತ್ತೇ ಅನ್ನುವುದು ಮುಖ್ಯ ಎಂದು 2016ರ ಡಿಸೆಂಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಮುಂದಿನ ವರ್ಷ ಪ್ರಕಾಶಕರೇ ಕೇಸು ವಾಪಸ್ ಪಡೆದರು. ಅದು ತರಗತಿಯ ಪಾಠಕ್ಕೆ ಸಂಬಂಧಿಸಿದ ತೀರ್ಪು, ಲೈಬ್ರರಿಗೆ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ಪುಟ ಎಣಿಸುವ ಅಭ್ಯಾಸ ಬಿಡಲು ನನಗೆ ಅಷ್ಟು ಸಾಕಾಯಿತು.

ಹಾಗಾಗಿ ‘ಎಷ್ಟು ಪುಟ ಸೇಫ್’ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ನೀವು ನಿಮ್ಮನ್ನು ಕಾಪಾಡಿಕೊಳ್ಳುವ ದಾರಿ ಹುಡುಕುತ್ತಿದ್ದೀರಿ. ಮೊದಲು ಪುಸ್ತಕ ಉಳಿಸಿ. ಅದು ಎಲ್ಲೂ ಮಾರಾಟಕ್ಕಿಲ್ಲ ಅನ್ನುವುದನ್ನು ವಿಚಾರಿಸಿ, ವಿಚಾರಿಸಿದ್ದನ್ನು ದಿನಾಂಕ ಹಾಕಿ ಬರೆದಿಡಿ. ಈ ವಾರವೇ ಲೈಬ್ರರಿಗೆ ಪ್ರತಿ ಮಾಡಿಸಿ. ಸ್ಕ್ಯಾನ್ ಕೂಡ ಮಾಡಿಸಿ. 2012ರ ತಿದ್ದುಪಡಿ ಆದ ಮೇಲೆ, ಮುದ್ರಿತ ಪ್ರತಿ ನಿಮ್ಮಲ್ಲಿದ್ದರೆ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಇಟ್ಟುಕೊಳ್ಳಲು ಸೆಕ್ಷನ್ 52(1)ರ ‘ಎನ್’ ಉಪವಿಧಿಯಲ್ಲಿ ಅವಕಾಶವಿದೆ. ನಿಮ್ಮದು ಕಾಲೇಜು ಲೈಬ್ರರಿಯಾಗಿದ್ದರೆ ಮಾತ್ರ ‘ಸಾರ್ವಜನಿಕ’ ಅನ್ನುವ ಮಾತಿಗೆ ತಕರಾರು ಬರಬಹುದು. ವಕೀಲರನ್ನು ಒಮ್ಮೆ ಕೇಳಿ.

ಇನ್ನು ಆ ವಿದ್ಯಾರ್ಥಿ. ಸ್ವಂತ ಸಂಶೋಧನೆಗೆ ನ್ಯಾಯಯುತವಾಗಿ ಬಳಸಿಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅಂಗಡಿಯಲ್ಲಿ ಸಿಗುವ ಪುಸ್ತಕವಾದರೆ ಕೊಂಡುಕೋ ಅನ್ನಿ. ಸಿಗದ ಪುಸ್ತಕಕ್ಕೆ ಅಡ್ಡ ನಿಲ್ಲಬೇಡಿ. ಏತಕ್ಕೆ ಬೇಕು ಅಂತ ಅವರಿಂದ ಒಂದು ಅರ್ಜಿ ಬರೆಸಿಕೊಳ್ಳಿ.

ಆದರೆ ಸ್ಕ್ಯಾನನ್ನು ಸುಮ್ನೆ ಇಂಟರ್ನೆಟ್‌ಗೆ ಹಾಕಬೇಡಿ, ಅದು ಉಲ್ಲಂಘನೆಯೇ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರು ಬದುಕಿದ್ದಾಗ ಪ್ರಕಟಿಸಿದ್ದೆಲ್ಲ 2024ರ ಜನವರಿ 1ರಿಂದ ಮುಕ್ತ. ನಿಮ್ಮ ಲೇಖಕರು ಈಚಿನವರಾದರೆ ಅವರ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಹುಡುಕಿ. ಹಕ್ಕು ಮನೆಯವರ ಹತ್ತಿರವೇ ಇದ್ದರೆ, ‘ಲೈಬ್ರರಿಯವರು ನೆಟ್‌ನಲ್ಲಿ ಹಾಕಲು ನಮ್ಮ ಒಪ್ಪಿಗೆ ಇದೆ’ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಅಜ್ಜನ ಪುಸ್ತಕ ಇನ್ನೂ ಯಾರೋ ಕೇಳಿಕೊಂಡು ಬರ್ತಾರೆ ಅಂದರೆ ಬೇಡ ಅನ್ನೋರು ಕಡಿಮೆ.