ಕಾಸರಗೋಡಿನಲ್ಲಿ ಪವಿತ್ರ ಗುರುವಾರವನ್ನು ಹೇಗೆ ಆಚರಿಸುತ್ತಾರೆ?

ಈಸ್ಟರ್‌ಗೆ ಮುಂಚಿನ ಗುರುವಾರವಿದು. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದು, ಅವರೊಂದಿಗೆ ಕೊನೆಯ ಊಟ ಮಾಡಿದ ರಾತ್ರಿಯ ನೆನಪು.

ಬೇಳ, ಮಂಜೇಶ್ವರ ಕಡೆಯ ಕೊಂಕಣಿ ಕ್ರೈಸ್ತರ ಚರ್ಚುಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದವು. ಅಲ್ಲಿ ಸಂಜೆಯ ಬಲಿಪೂಜೆಯಲ್ಲಿ ಧರ್ಮಗುರುಗಳು ಸಾಮಾನ್ಯವಾಗಿ ಹನ್ನೆರಡು ಮಂದಿಯ ಪಾದ ತೊಳೆದು ಒರೆಸುತ್ತಾರೆ. ಮೊದಲು ಗಂಡಸರಿಗಷ್ಟೇ ಇದ್ದ ಈ ಅವಕಾಶವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಹೆಂಗಸರಿಗೂ ತೆರೆದರು. ಬಹಳ ಹಿಂದೆಯೇ ಆಗಬೇಕಿದ್ದ ಬದಲಾವಣೆ ಎಂದು ನನಗನ್ನಿಸುತ್ತದೆ. ಪೂಜೆಯಲ್ಲಿ ದೇವರನ್ನು ಸ್ತುತಿಸುವ ಮಹಿಮಾಗೀತೆಯ ಹೊತ್ತಿಗೆ ಗಂಟೆ ಮೊಳಗುತ್ತದೆ. ಆಮೇಲೆ ಶನಿವಾರ ರಾತ್ರಿಯ ಜಾಗರಣೆಯವರೆಗೆ ಗಂಟೆಗೆ ಮೌನ. ಪೂಜೆ ಮುಗಿದ ಮೇಲೆ ಪೀಠದ ಬಟ್ಟೆಗಳನ್ನೂ ತೆಗೆದುಬಿಡುತ್ತಾರೆ. ಬರಿದಾದ ಆ ಪೀಠವನ್ನು ನೋಡಿದರೆ ಸಾವಿನ ಮನೆಗೆ ಹೋದಂತಾಗುತ್ತದೆ.

ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ, ರಾಜಪುರಂ, ವೆಳ್ಳರಿಕುಂಡು ಸುತ್ತಮುತ್ತ ನೆಲೆಸಿದ ಮಲಯಾಳಿ ಸುರಿಯಾನಿ ಕ್ರೈಸ್ತರಿಗೆ ಇದು ‘ಪೆಸಹಾ’. ಅವರ ಆಚರಣೆಯ ಜೀವಾಳ ಇರುವುದು ಮನೆಯಲ್ಲಿ. ಅಕ್ಕಿ, ಉದ್ದು, ತೆಂಗಿನಕಾಯಿ ರುಬ್ಬಿ, ಹುಳಿ ಬರಿಸದೆ ಹಬೆಯಲ್ಲಿ ‘ಅಪ್ಪ’ ಎಂಬ ರೊಟ್ಟಿಯನ್ನು ಬೇಯಿಸುತ್ತಾರೆ. ಈಸ್ಟರ್‌ಗೆ ಹಿಂದಿನ ವಾರದ ಗರಿಗಳ ಭಾನುವಾರದಂದು ಚರ್ಚಿನಿಂದ ತಂದ ಎಳೆಯ ತೆಂಗಿನ ಗರಿಯನ್ನು ಸೀಳಿ, ಶಿಲುಬೆಯಾಕಾರದಲ್ಲಿ ಅದರ ಮೇಲಿಡುತ್ತಾರೆ. ಜೊತೆಗೆ ಬೆಲ್ಲ, ತೆಂಗಿನ ಹಾಲು ಸೇರಿಸಿ ಕುದಿಸಿದ ‘ಪೆಸಹಾ ಪಾಲ್’. ರಾತ್ರಿ ಪ್ರಾರ್ಥನೆಯ ಬಳಿಕ ಮನೆಯ ಹಿರಿಯರು ಅಪ್ಪವನ್ನು ತುಂಡರಿಸಿ, ಹಾಲಿನಲ್ಲಿ ಅದ್ದಿ, ವಯಸ್ಸಿನ ಕ್ರಮದಲ್ಲಿ ಕೊಡುತ್ತಾರೆ. ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಆ ವರ್ಷ ಸಾವು ಕಂಡ ಮನೆಯಲ್ಲಿ ಅಪ್ಪ ಮಾಡುವ ಪದ್ಧತಿಯಿಲ್ಲ. ನೆರೆಹೊರೆಯವರೋ ನೆಂಟರೋ ತಮ್ಮ ಮನೆಯ ಅಪ್ಪವನ್ನು ಅವರಿಗೆ ತಲುಪಿಸುತ್ತಾರೆ.